ಟ್ರೇಲರ್ ವೈರಿಂಗ್ ಮತ್ತು ಸರ್ಜ್ ಬ್ರೇಕ್: ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ದಾರಿಗಳಲ್ಲಿ

ಟ್ರೇಲರ್ ವೈರಿಂಗ್ ಎಂದರೆ ಎಳೆಯುವ ವಾಹನದ ಬ್ಯಾಟರಿಯಿಂದ ಹಿಂದಿನ ಟ್ರೇಲರಿನ ದೀಪಗಳಿಗೆ, ಕೆಲವು ಬಗೆಗಳಲ್ಲಿ ಬ್ರೇಕಿಗೂ, ಕರೆಂಟು ಮುಟ್ಟಿಸುವ ತಂತಿ, ಪ್ಲಗ್ಗು, ಸಾಕೆಟ್ಟು, ಫ್ಯೂಸು, ರಿಲೇಗಳ ಏರ್ಪಾಡು. ಸರ್ಜ್ ಬ್ರೇಕ್ ಎಂದರೆ ಮುಂದಿನ ವಾಹನ ನಿಧಾನವಾದಾಗ ಟ್ರೇಲರ್ ತಾನೇ ಮುಂದಕ್ಕೆ ದೂಡುವ ಬಲದಿಂದ ತನ್ನ ಚಕ್ರಗಳನ್ನು ಹಿಡಿದುಕೊಳ್ಳುವ ಬ್ರೇಕು. ಯುರೋಪಿನಲ್ಲಿ ಇದಕ್ಕೆ ಓವರ್‌ರನ್ ಬ್ರೇಕ್ ಎನ್ನುತ್ತಾರೆ. ದೋಣಿ ಸಾಗಿಸುವ ಟ್ರೇಲರುಗಳಲ್ಲಿ ಇದು ಹೆಚ್ಚು ಬಳಕೆಯಲ್ಲಿದೆ, ಕಾರಣ ಸರಳ: ದೋಣಿಯನ್ನು ನೀರಿಗಿಳಿಸುವಾಗ ಚಕ್ರವೂ ಡ್ರಮ್ಮೂ ನೀರಲ್ಲಿ ಮುಳುಗುತ್ತವೆ. ವಿದ್ಯುತ್ ಬ್ರೇಕಿನ ಕಾಯಿಲ್ಲು, ಆಯಸ್ಕಾಂತ ನೀರನ್ನು ಹೆಚ್ಚು ದಿನ ತಾಳುವುದಿಲ್ಲ. ಎಣ್ಣೆಯ ಒತ್ತಡದಿಂದ ನಡೆಯುವ ಸರ್ಜ್ ಬ್ರೇಕ್ ತಾಳುತ್ತದೆ. ಅದಕ್ಕೆ ವಾಹನದೊಳಗೆ ಬೇರೆ ಕಂಟ್ರೋಲರ್ ಪೆಟ್ಟಿಗೆಯೂ ಬೇಡ.

ಈ ಬ್ರೇಕ್ ಹಿಡಿಯಲು ಒಂದು ತಂತಿಯೂ ಬೇಡ. ರಿವರ್ಸಿನಲ್ಲಿ ಅದನ್ನು ಬಿಡಿಸಲು ಮಾತ್ರ, ಕೆಲವು ಬಗೆಗಳಲ್ಲಿ, ಒಂದು ತಂತಿ ಬೇಕು. ಮಲೆನಾಡಿನ ಏರಿಳಿತದಲ್ಲಿ ಟ್ರೇಲರ್ ಎಳೆಯುವವರು ಆ ತಂತಿಯನ್ನೂ ಅದರ ಜೊತೆಗಿನ ಅರ್ಥ್ ತಂತಿಯನ್ನೂ ಕಡೆಗಣಿಸುವುದೇ ಹೆಚ್ಚು. ಆದ್ದರಿಂದ ಈ ಲೇಖನ ಉಳಿದ ತಂತಿಗಳಿಗಿಂತ ಈ ಎರಡರ ಮೇಲೆ ಹೆಚ್ಚು ನಿಲ್ಲುತ್ತದೆ.

ಸೀಮೆ ಮತ್ತು ಗಾಡಿಗಳು

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಎರಡು ಹೊಳೆಗಳ ಸೀಮೆ. ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿದ ಈ ಎರಡರಲ್ಲಿ ತುಂಗೆ ಶೃಂಗೇರಿಯನ್ನು ಮುಟ್ಟಿ, ಕೊಪ್ಪ ತಾಲ್ಲೂಕಿನ ಹರಿಹರಪುರದ ಪಕ್ಕದಲ್ಲಿ ಹಾದು ತೀರ್ಥಹಳ್ಳಿಗೆ ಹೋಗುತ್ತಾಳೆ. ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಅಣೆಕಟ್ಟಿಗೆ ಬೀಳುತ್ತಾಳೆ. ಸುಮಾರು 71.5 ಟಿಎಂಸಿ ಹಿಡಿಯುವ ಆ ಜಲಾಶಯದ ಹಿನ್ನೀರು ನರಸಿಂಹರಾಜಪುರ ತಾಲ್ಲೂಕಿನವರೆಗೆ ಚಾಚಿಕೊಂಡಿದೆ. ಶಿವಮೊಗ್ಗದಿಂದ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಎಸ್.ಕೆ. ಬಾರ್ಡರ್, ಕಾರ್ಕಳಗಳ ಮೂಲಕ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169 ಇಲ್ಲಿನ ಬೆನ್ನೆಲುಬು. ಅದನ್ನು ಬಿಟ್ಟರೆ ಉಳಿದದ್ದೆಲ್ಲ ತೋಟದ ನಡುವಿನ, ಕಾಡಂಚಿನ, ಒಂದು ಬಸ್ಸು ಬಂದರೆ ಇನ್ನೊಂದು ನಿಲ್ಲಬೇಕಾದ ರಸ್ತೆಗಳು.

ಹೊಳೆ, ಹಿನ್ನೀರು ಎರಡೂ ಇದ್ದರೂ ದೋಣಿ ಟ್ರೇಲರ್ ಇಲ್ಲಿ ಅಪರೂಪ. ಮೀನುಗಾರರ ತೆಪ್ಪ ತಲೆಯ ಮೇಲೆ ಹೋಗುತ್ತದೆ. ಭದ್ರೆಯಲ್ಲಿ ನಡೆಯುವ ರಾಫ್ಟಿಂಗಿನ ರಬ್ಬರ್ ದೋಣಿ ಗಾಳಿ ತುಂಬಿಕೊಂಡು ಜೀಪಿನ ನೆತ್ತಿಯ ಮೇಲೆ ಹೋಗುತ್ತದೆ. ಫೈಬರ್ ಹೊಟ್ಟೆಯ, ಎಂಜಿನ್ ಕಟ್ಟಿದ ದೋಣಿಗೆ ಮಾತ್ರ ಟ್ರೇಲರ್ ಬೇಕಾಗುತ್ತದೆ. ಆದರೆ ಎಳೆಯುವ ಕೆಲಸ ಮಾತ್ರ ಇಲ್ಲಿ ದಿನನಿತ್ಯದ್ದು. ಟ್ರ್ಯಾಕ್ಟರಿನ ಹಿಂದೆ ಗೊಬ್ಬರ, ಟಿಲ್ಲರಿನ ಹಿಂದೆ ಅಡಿಕೆ ಗೊನೆ, ಸೊಪ್ಪು, ದರಗು, ಸಂಜೆ ಮನೆಗೆ ಹೋಗುವ ಕೆಲಸದವರು. ಕಾಫಿ ತೋಟಗಳಲ್ಲಿ ಹಳೆಯ ಜೀಪಿನ ಹಿಂದೆ ಪುಟ್ಟ ಟ್ರೇಲರ್.

ಆ ಜೀಪ್ ಟ್ರೇಲರಿನ ವಂಶಾವಳಿ ಎರಡನೆಯ ಮಹಾಯುದ್ಧಕ್ಕೆ ಹೋಗುತ್ತದೆ. ಅಮೆರಿಕದ ಸೈನ್ಯ ವಿಲ್ಲೀಸ್ ಜೀಪಿಗೆಂದು ಕಾಲು ಟನ್ನಿನ ಟ್ರೇಲರ್ ಮಾಡಿಸಿಕೊಂಡಿತು. ಅದರ ತೊಟ್ಟಿಯೊಳಗೆ ನೀರು ನುಗ್ಗದಂತೆ ಬೆಸೆದಿದ್ದರಿಂದ ಹೊಳೆ ದಾಟುವಾಗ ಅದೇ ತೇಲುತ್ತಿತ್ತು. ದೋಣಿ ಹೊರುವ ಟ್ರೇಲರ್ ಅಲ್ಲ, ತಾನೇ ದೋಣಿಯಾಗುವ ಟ್ರೇಲರ್! ಭಾರತದಲ್ಲಿ ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಮಲೆನಾಡಿನ ತೋಟದ ದಾರಿಗಳಿಗೆ ಆ ಜೀಪು ಒಗ್ಗಿಹೋಯಿತು. ಕಾಲು ಟನ್ನಿನ ಟ್ರೇಲರಿಗೆ ನಿಲ್ಲಿಸುವಾಗ ಹಾಕುವ ಕೈಬ್ರೇಕ್ ಮಾತ್ರ ಇತ್ತು, ಓಡುವಾಗ ಹಿಡಿಯುವ ಬ್ರೇಕ್ ಇರಲಿಲ್ಲ. ಅದನ್ನು ನೋಡಿ ಊರೂರಲ್ಲಿ ವೆಲ್ಡಿಂಗ್ ಶೆಡ್ಡಿನವರು ಮಾಡಿದ ಟ್ರೇಲರುಗಳಲ್ಲಿ ಕೈಬ್ರೇಕೂ ಉಳಿಯಲಿಲ್ಲ.

ದೂಡಿಕೆಯ ಲೆಕ್ಕ

ಎತ್ತಿನ ಗಾಡಿ ಹೊಡೆದವರಿಗೆ ಸರ್ಜ್ ಬ್ರೇಕಿನ ತತ್ತ್ವ ಬಿಡಿಸಿ ಹೇಳಬೇಕಾಗಿಲ್ಲ. ಇಳಿಜಾರಿನಲ್ಲಿ ಗಾಡಿ ದೂಡಿದಾಗ ನೊಗ ಎತ್ತಿನ ಹೆಗಲು ಬಿಟ್ಟು ಕೊಂಬಿನ ಕಡೆಗೆ ಜಾರುತ್ತದೆ. ಎತ್ತು ಹಿಂಗಾಲು ಊರಿ ತಡೆಯುತ್ತದೆ. ಸರ್ಜ್ ಬ್ರೇಕ್ ಆ ಜಾರುವಿಕೆಯನ್ನೇ ಕೆಲಸಕ್ಕೆ ಹಚ್ಚಿದೆ. ಟ್ರೇಲರಿನ ಮೂಕಿಯ ತುದಿಯಲ್ಲಿ ಒಂದರೊಳಗೊಂದು ಸರಿದಾಡುವ ಎರಡು ಭಾಗಗಳ ಕಪ್ಲರ್ ಇರುತ್ತದೆ. ಒಂದು ಭಾಗ ವಾಹನದ ಹುಕ್ಕಿಗೆ, ಇನ್ನೊಂದು ಟ್ರೇಲರಿನ ಚಾಸಿಗೆ. ಮುಂದಿನವ ಬ್ರೇಕ್ ಒತ್ತಿದೊಡನೆ ಹಿಂದಿನ ಭಾರ ಮುಂದೆ ನುಗ್ಗಿ ಕಪ್ಲರ್ ಕುಗ್ಗುತ್ತದೆ, ಕುಗ್ಗಿದಾಗ ಒಳಗಿನ ದಂಡ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ, ಎಣ್ಣೆ ಕೊಳವೆಯಲ್ಲಿ ಹರಿದು ಚಕ್ರದ ಬ್ರೇಕ್ ಹಿಡಿಯುತ್ತದೆ. ಯುರೋಪಿನ ಬಹುಪಾಲು ಟ್ರೇಲರುಗಳಲ್ಲಿ ಎಣ್ಣೆಯ ಬದಲು ಕಬ್ಬಿಣದ ದಂಡ ಮತ್ತು ಕೇಬಲ್ ಇರುತ್ತವೆ. ಎರಡರಲ್ಲೂ ಹೆಚ್ಚು ದೂಡಿದಷ್ಟೂ ಹೆಚ್ಚು ಹಿಡಿತ.

ಲೆಕ್ಕ ಹೀಗೆ. ಹತ್ತಡಿ ಹೋದರೆ ಒಂದಡಿ ಇಳಿಯುವ ರಸ್ತೆಯಲ್ಲಿ ಒಂದು ಟನ್ನಿನ ಟ್ರೇಲರ್ ಸುಮಾರು 100 ಕೆ.ಜಿ. ಬಲದಿಂದ ಮುಂದಿನ ಗಾಡಿಯನ್ನು ಸದಾ ದೂಡುತ್ತಿರುತ್ತದೆ. ಸಮತಟ್ಟಿನಲ್ಲೇ ಸ್ವಲ್ಪ ಜೋರಾಗಿ, ಗುರುತ್ವದ ಮೂರನೆಯ ಒಂದು ಪಾಲಿನಷ್ಟು ಬ್ರೇಕ್ ಹಾಕಿದರೆ ಆ ದೂಡಿಕೆ 300 ಕೆ.ಜಿ. ದಾಟುತ್ತದೆ. ಇಳಿಜಾರಿನ ತಿರುವಿನಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಅಷ್ಟನ್ನೂ ತಿರುಗಿ ನಿಂತ ಜೀಪಿನ ಬಾಲದ ಮೇಲೆ ಓರೆಯಾಗಿ ಹೇರಿದರೆ ಗಾಡಿ ಮಡಚಿಕೊಳ್ಳುತ್ತದೆ. ಬ್ರೇಕಿಲ್ಲದ ಟ್ರೇಲರ್ ಘಾಟಿಯಲ್ಲಿ ಅಪಾಯ ಎನ್ನುವುದು ಈ ಲೆಕ್ಕದಿಂದಲೇ.

ಭಾರ ಹೇರುವ ಕ್ರಮಕ್ಕೂ ಗಾಡಿಯವರ ಮಾತೇ ಸಾಕು: ಮುಂಭಾರ, ಹಿಂಭಾರ. ಹಿಂಭಾರವಾದ ಟ್ರೇಲರ್ ವೇಗದಲ್ಲಿ ಬಾಲ ಅಲ್ಲಾಡಿಸುತ್ತದೆ. ಮುಂಭಾರ ಹೆಚ್ಚಾದರೆ ಎಳೆಯುವ ವಾಹನದ ಮೂತಿ ಮೇಲೆದ್ದು ಸ್ಟೇರಿಂಗ್ ಹಗುರಾಗುತ್ತದೆ. ಒಟ್ಟು ತೂಕದ ಹತ್ತರಲ್ಲೊಂದು ಪಾಲು ಹುಕ್ಕಿನ ಮೇಲೆ ಬೀಳುವಂತೆ ಹೇರುವುದು ಅಮೆರಿಕದ ದೋಣಿಗರ ರೂಢಿ. ಯುರೋಪಿನಲ್ಲಿ ಇನ್ನೂ ಕಡಿಮೆ. ಎಂಜಿನ್ ಹಿಂದೆ ತೂಗುವ ದೋಣಿಯಲ್ಲಿ ಹಿಂಭಾರದ ತಪ್ಪು ಬಲು ಬೇಗ ಆಗುತ್ತದೆ.

ಸರ್ಜ್ ಬ್ರೇಕಿಗೆ ಮಿತಿಗಳೂ ಇವೆ. ಉದ್ದನೆಯ ಇಳಿಜಾರಿನಲ್ಲಿ ಎಂಜಿನ್ ಹಿಡಿತದಿಂದ ಇಳಿಯುವಾಗಲೂ ಟ್ರೇಲರ್ ದೂಡುತ್ತಲೇ ಇರುವುದರಿಂದ ಅದರ ಬ್ರೇಕ್ ಸಣ್ಣಗೆ ಉಜ್ಜುತ್ತಲೇ ಇರುತ್ತದೆ, ಡ್ರಮ್ ಕಾಯುತ್ತದೆ. ಡಾಟ್-3 ಬ್ರೇಕ್ ಎಣ್ಣೆ ಹೊಸದಾಗಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕು. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಅಂಕ 140ಕ್ಕೆ ಇಳಿಯಬಹುದು. ನಾಲ್ಕು ತಿಂಗಳು ಗೋಡೆಯೇ ಬೆವರುವ ಊರಿನಲ್ಲಿ ಎಣ್ಣೆ ತೇವ ಹೀರದೆ ಇರುವುದಿಲ್ಲ. ಹತ್ತಿದ ಗೇರಿನಲ್ಲೇ ಇಳಿ ಎನ್ನುವುದು ಘಾಟಿ ಡ್ರೈವರುಗಳ ಹಳೆಯ ಮಾತು. ಟ್ರೇಲರ್ ಇದ್ದಾಗ ಅದಕ್ಕೂ ಒಂದು ಗೇರು ಕೆಳಗೆ ಇಳಿಯುವುದು ವಾಸಿ. ಬ್ರೇಕನ್ನು ತಡೆತಡೆದು ಗಟ್ಟಿಯಾಗಿ ಒತ್ತಿ ಬಿಟ್ಟು, ಡ್ರಮ್ಮಿಗೆ ಉಸಿರಾಡಲು ಕೊಡಬೇಕು.

ಇನ್ನೊಂದು ಮಿತಿ ಏರಿನಲ್ಲಿ. ಏರುತ್ತಿದ್ದ ಗಾಡಿ ನಡುವೆ ನಿಂತರೆ ಟ್ರೇಲರ್ ಹಿಂದಕ್ಕೆ ಎಳೆಯುತ್ತದೆ, ದೂಡುವುದಿಲ್ಲ. ಆಗ ಸರ್ಜ್ ಬ್ರೇಕಿನಿಂದ ಏನೂ ಉಪಯೋಗವಿಲ್ಲ, ಎಲ್ಲ ಭಾರವನ್ನೂ ಮುಂದಿನ ವಾಹನದ ಬ್ರೇಕೇ ಹೊರಬೇಕು. ಕ್ಲೀನರ್ ಹುಡುಗ ಹಾರಿ ಚಕ್ರಕ್ಕೆ ಕಲ್ಲು ಕೊಡುವ ಪದ್ಧತಿ ಹುಟ್ಟಿದ್ದು ಇದಕ್ಕೇ. ಮರದ ತುಂಡೆರಡನ್ನು ಟ್ರೇಲರಿನಲ್ಲೇ ಕಟ್ಟಿಕೊಂಡಿರುವುದು, ಕತ್ತಲಲ್ಲಿ ಕಲ್ಲು ಹುಡುಕುವುದಕ್ಕಿಂತ ಎಷ್ಟೋ ಮೇಲು.

ಹಿಂದಕ್ಕೆ ಬರುವಾಗ

ಮೇಲೆ ಹೇಳಿದ ಒಂದೇ ತಂತಿಯ ವಿಷಯ ಇಲ್ಲಿ ಬರುತ್ತದೆ. ಸರ್ಜ್ ಬ್ರೇಕಿಗೆ ದೂಡಿಕೆ ಯಾವ ಕಡೆಯಿಂದ ಬಂತು ಎಂದು ತಿಳಿಯುವುದಿಲ್ಲ. ಟ್ರೇಲರ್ ವಾಹನವನ್ನು ದೂಡಿದರೂ ಕಪ್ಲರ್ ಕುಗ್ಗುತ್ತದೆ, ರಿವರ್ಸಿನಲ್ಲಿ ವಾಹನ ಟ್ರೇಲರನ್ನು ದೂಡಿದರೂ ಕುಗ್ಗುತ್ತದೆ. ಆದ್ದರಿಂದ ಹಿಂದಕ್ಕೆ ಹೋಗಲು ಹೊರಟರೆ ಟ್ರೇಲರಿನ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ. ಸಮತಟ್ಟಿನಲ್ಲಿ ಎಂಜಿನ್ ಬಲದಿಂದ ಎಳೆದಾಡಿಯಾದರೂ ಹೋಗಬಹುದು. ಏರುಮುಖವಾಗಿ ಹಿಂದೆ ಹೋಗುವುದು ಆಗದ ಮಾತು.

ನಮ್ಮ ದಾರಿಗಳಲ್ಲಿ ಬರುವುದೇ ಆ ಸಂದರ್ಭ. ಕಿರಿದಾದ ಇಳಿಜಾರು ರಸ್ತೆಯಲ್ಲಿ ಏರಿ ಬರುವ ವಾಹನಕ್ಕೆ ಮೊದಲ ದಾರಿ ಎಂಬುದು ಭಾರತದ ರಸ್ತೆ ನಿಯಮ. ಬೆಟ್ಟದೂರಿನ ರೂಢಿಯೂ ಅದೇ. ಹಾಗಾಗಿ ಟ್ರೇಲರ್ ಕಟ್ಟಿಕೊಂಡು ಇಳಿಯುತ್ತಿರುವವನ ಎದುರು ತಿರುವಿನಲ್ಲಿ ಬಸ್ಸು ಬಂದು ನಿಂತರೆ, ಹಿಂದೆ ಸರಿಯಬೇಕಾದವನು ಟ್ರೇಲರಿನವನೇ, ಅದೂ ಏರಿನ ಕಡೆಗೆ. 1991ರಲ್ಲಿ ಕೆಲಸಗಾರರೇ ಕೂಡಿ ಕಟ್ಟಿ 2020ರವರೆಗೆ ನಡೆಸಿದ ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳನ್ನು ಈ ತಿರುವುಗಳಲ್ಲಿ ಎದುರುಗೊಂಡವರು ಇಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಬಸ್ಸಿನ ಡ್ರೈವರ್ ಕೈ ಆಡಿಸಿ ಜಾಗ ಕೇಳುತ್ತಾನೆ, ಎಡಕ್ಕೆ ಧರೆ, ಬಲಕ್ಕೆ ತೋಟದ ಕೊಲ್ಲಿ. ಆ ಹೊತ್ತಿಗೆ ಟ್ರೇಲರ್ ಬ್ರೇಕ್ ಬಿಡಲೇಬೇಕು.

ಬಿಡಿಸುವ ದಾರಿ ಮೂರು. ಹಳೆಯ ಟ್ರೇಲರುಗಳಲ್ಲಿ ಇಳಿದು ಹೋಗಿ ಕಪ್ಲರಿಗೆ ಅಡ್ಡ ಕೀಲಿ ಹಾಕಬೇಕು. ಹಾಕಿದವನು ಆಮೇಲೆ ತೆಗೆಯಲು ಮರೆತರೆ ಬ್ರೇಕೇ ಇಲ್ಲದ ಟ್ರೇಲರ್ ಘಾಟಿ ಇಳಿಯುತ್ತದೆ. ಯುರೋಪಿನ ಮಾದರಿಗಳಲ್ಲಿ ಚಕ್ರ ಹಿಂದಕ್ಕೆ ತಿರುಗಿದೊಡನೆ ಡ್ರಮ್ಮಿನೊಳಗಿನ ಶೂ ಮಡಚಿಕೊಂಡು ತಾನೇ ಸಡಿಲವಾಗುವ ಏರ್ಪಾಡಿದೆ, ಅದಕ್ಕೆ ವೈರ್ ಬೇಡ. ಮೂರನೆಯದು ವಿದ್ಯುತ್ತಿನದು: ಎಣ್ಣೆಯ ದಾರಿಯಲ್ಲಿ ಒಂದು ಸೊಲೆನಾಯ್ಡ್ ಕವಾಟ. ರಿವರ್ಸ್ ಗೇರಿಗೆ ಹಾಕಿದಾಗ ರಿವರ್ಸ್ ದೀಪಕ್ಕೆ ಹೋಗುವ ಕರೆಂಟು ಈ ಕವಾಟಕ್ಕೂ ಹೋಗಿ ಎಣ್ಣೆ ಚಕ್ರಕ್ಕೆ ಮುಟ್ಟದಂತೆ ತಡೆಯುತ್ತದೆ. ಅಮೆರಿಕದ ದೋಣಿ ಟ್ರೇಲರುಗಳ ಚಪ್ಪಟೆ ಪ್ಲಗ್ಗಿನಲ್ಲಿ ನಾಲ್ಕು ಪಿನ್ನು ಸಾಲದೆ ಐದನೆಯದು, ನೀಲಿ ತಂತಿಯದು, ಸೇರಿದ್ದು ಇದಕ್ಕೋಸ್ಕರ.

ಈ ತಂತಿ ಎಳೆಯುವಾಗ ನೋಡಬೇಕಾದದ್ದು ಕೆಲವಿವೆ. ಕವಾಟದ ಕರೆಂಟನ್ನೂ ವಾಹನದ ತೆಳು ರಿವರ್ಸ್ ತಂತಿಯ ಮೇಲೆ ಹೇರದೆ, ರಿಲೇ ಹಾಕಿ ಬ್ಯಾಟರಿಯಿಂದ ಬೇರೆ ಫ್ಯೂಸಿನ ಮೂಲಕ ಕೊಡಬೇಕು. ಹಳೆಯ ಜೀಪುಗಳಲ್ಲಿ ರಿವರ್ಸ್ ದೀಪವೇ ಇರುವುದಿಲ್ಲ. ಅಲ್ಲಿ ಗೇರ್‌ಬಾಕ್ಸಿಗೆ ಅಥವಾ ಗೇರು ಕೋಲಿನ ಬುಡಕ್ಕೆ ಸ್ವಿಚ್ಚು ಕೂರಿಸಬೇಕಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೈಯಿಂದ ಒತ್ತುವ ಸ್ವಿಚ್ಚು ಹಾಕಿಸಿಕೊಳ್ಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಅಡ್ಡ ಕೀಲಿ ಮರೆಯುವವನು ಸ್ವಿಚ್ಚನ್ನೂ ಮರೆಯುತ್ತಾನೆ. ಇಳಿಜಾರಿನಲ್ಲಿ ನಿಂತಾಗ ಕಪ್ಲರ್ ಆಗಲೇ ಕುಗ್ಗಿ ಎಣ್ಣೆ ಒತ್ತಡದಲ್ಲಿರುತ್ತದೆ ಎಂಬುದನ್ನೂ ನೆನಪಿಡಬೇಕು. ಜಾಗವಿದ್ದರೆ ಒಂದಿಷ್ಟು ಮುಂದಕ್ಕೆ ಎಳೆದು ಕಪ್ಲರ್ ಬಿಡಿಸಿಕೊಂಡು, ಆಮೇಲೆ ರಿವರ್ಸ್ ಹಾಕಿದರೆ ಚಕ್ರ ಸಲೀಸಾಗಿ ತಿರುಗುತ್ತದೆ.

ತಂತಿಗಳು

ಜೀಪು, ಪಿಕಪ್ಪು, ಟ್ರ್ಯಾಕ್ಟರುಗಳದ್ದು 12 ವೋಲ್ಟು, ದೊಡ್ಡ ಲಾರಿಗಳದ್ದು 24. ಲಾರಿಯ ಬಲ್ಬು ಹಾಕಿದ ಟ್ರೇಲರನ್ನು ಜೀಪಿಗೆ ಕಟ್ಟಿದರೆ ದೀಪ ಮಿಣುಕು ಹುಳುವಿನಷ್ಟು ಉರಿಯುತ್ತದೆ. ಅದರ ತಿರುಗಾಮುರುಗಾದಲ್ಲಿ ಬಲ್ಬು ಸುಟ್ಟುಹೋಗುತ್ತದೆ.

ಅಂತರರಾಷ್ಟ್ರೀಯ ಮಾನಕ ಐಎಸ್‌ಒ 1724ರ ಏಳು ಪಿನ್ನಿನ ದುಂಡು ಪ್ಲಗ್ಗಿನಲ್ಲಿ ಹಳದಿ ಎಡ ಇಂಡಿಕೇಟರಿಗೆ, ಹಸಿರು ಬಲಕ್ಕೆ, ಕೆಂಪು ಬ್ರೇಕ್ ದೀಪಕ್ಕೆ, ಕಪ್ಪು ಎಡ ಪಾರ್ಕಿಂಗ್ ದೀಪಕ್ಕೆ, ಕಂದು ಬಲ ಪಾರ್ಕಿಂಗಿಗೆ, ನೀಲಿ ಹಿಂದಿನ ಮಂಜುದೀಪಕ್ಕೆ, ಬಿಳಿ ಅರ್ಥಿಗೆ. ಇದರಲ್ಲಿ ರಿವರ್ಸಿಗೆ ಜಾಗವಿಲ್ಲ. ಹಿಂದಿನ ಮಂಜುದೀಪ ಇಲ್ಲದ ವಾಹನದಲ್ಲಿ ಆ ನೀಲಿ ತಂತಿಯನ್ನೇ ರಿವರ್ಸಿಗೆ ತಿರುಗಿಸುವುದುಂಟು. ಹದಿಮೂರು ಪಿನ್ನಿನ ಐಎಸ್‌ಒ 11446ರಲ್ಲಿ ಎಂಟನೆಯದು ರಿವರ್ಸಿಗೇ ಮೀಸಲು.

ಅಮೆರಿಕದಲ್ಲಿ ನೆಲೆಸಿದ ನೆಂಟರು ಅಲ್ಲಿನ ನಾಲ್ಕು ಪಿನ್ನಿನ ಪ್ಲಗ್ಗು ತಂದುಕೊಟ್ಟರೆ ಅದು ಇಲ್ಲಿ ನೇರವಾಗಿ ಹೊಂದುವುದಿಲ್ಲ. ಅಲ್ಲಿಯ ಟ್ರೇಲರಿನಲ್ಲಿ ಬ್ರೇಕ್ ದೀಪವೂ ಇಂಡಿಕೇಟರೂ ಒಂದೇ ಕೆಂಪು ಬಲ್ಬು: ಹಳದಿ ತಂತಿ ಎಡದ್ದು, ಹಸಿರು ಬಲದ್ದು, ಕಂದು ಪಾರ್ಕಿಂಗ್, ಬಿಳಿ ಅರ್ಥ್. ನಮ್ಮಲ್ಲಿ ಬ್ರೇಕಿಗೆ ಕೆಂಪು, ಇಂಡಿಕೇಟರಿಗೆ ಕಿತ್ತಳೆ, ಬೇರೆಬೇರೆ. ಸುಮ್ಮನೆ ಬಣ್ಣಕ್ಕೆ ಬಣ್ಣ ಸೇರಿಸಿದರೆ ಬ್ರೇಕ್ ದೀಪಕ್ಕೆ ತಂತಿಯೇ ಉಳಿಯುವುದಿಲ್ಲ. ಊರಿನ ಶೆಡ್ಡಿನಲ್ಲಿ ವೈರಿಂಗ್ ಆದ ಟ್ರೇಲರಿನ ಬಣ್ಣವನ್ನಂತೂ ನಂಬಲೇಬಾರದು. ಅಂದು ಅಂಗಡಿಯಲ್ಲಿ ಯಾವ ಸುರುಳಿ ಇತ್ತೋ ಅದೇ ಅದರ ಬಣ್ಣ. ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ನೋಡಬೇಕು.

ಟ್ರೇಲರ್ ಸೇರಿದರೆ ಇಂಡಿಕೇಟರಿನ ಒಂದು ಬದಿಗೆ ಇನ್ನೊಂದು 21 ವ್ಯಾಟಿನ ಬಲ್ಬು ಸೇರುತ್ತದೆ. ಹಳೆಯ ಬಿಸಿತಂತಿ ಫ್ಲಾಷರ್ ಆಗ ಗಡಿಬಿಡಿಯಿಂದ ಮಿಟುಕುತ್ತದೆ. ಹೆಚ್ಚು ಭಾರದ ಫ್ಲಾಷರ್ ಹಾಕಿದರೆ ಸರಿಹೋಗುತ್ತದೆ. ಇತ್ತೀಚಿನ ಕಾರು, ಪಿಕಪ್ಪುಗಳಲ್ಲಿ ದೀಪಗಳನ್ನು ಗಣಕವೇ ಕಾಯುವುದರಿಂದ ತಂತಿ ಸುಲಿದು ಸುತ್ತುವುದು ಸಲ್ಲದು. ವಾಹನದ ಸಂಕೇತವನ್ನು ಮಾತ್ರ ಓದಿ ಬ್ಯಾಟರಿಯಿಂದ ನೇರ ಕರೆಂಟು ಕೊಡುವ ಮಾಡ್ಯೂಲ್ ಹಾಕಬೇಕು.

ಅರ್ಥ್

ಟ್ರೇಲರ್ ದೀಪದ ದೂರುಗಳಲ್ಲಿ ಬಹುಪಾಲು ಬಂದು ನಿಲ್ಲುವುದು ಬಿಳಿ ತಂತಿಯ ಮೇಲೆ. ಕೊಪ್ಪದ ಕಡೆಯ ಯಾವುದೇ ಗ್ಯಾರೇಜಿನ ಮುಂದೆ ಸಂಜೆ ಹೊತ್ತು ನಿಂತರೆ ಈ ಮಾತುಕತೆ ಕೇಳಬಹುದು. ಒಳಗೆ ಕೂತವನು ಪೆಡಲ್ ಒತ್ತಿ ಕೂಗುತ್ತಾನೆ: “ಹಿಂದೆ ನೋಡು ಮಾರಾಯ, ಬ್ರೇಕ್ ಲೈಟ್ ಬಂತಾ?” ಹಿಂದಿನವನು ಬಗ್ಗಿ ನೋಡಿ ಹೇಳುತ್ತಾನೆ: “ಬಂತು, ಆದ್ರೆ ಪಾರ್ಕಿಂಗೂ ಸಣ್ಣಕೆ ಉರೀತದೆ. ಇಂಡಿಕೇಟ್ರು ಹಾಕು… ಎಲ್ಲಾ ಒಟ್ಟಿಗೆ ಮಿಣಕ್ ಮಿಣಕ್ ಅಂತದೆ.” ಬಲ್ಲ ಮೆಕ್ಯಾನಿಕ್ ಅಲ್ಲಿಗೆ ಸ್ವಿಚ್ಚು, ಫ್ಯೂಸು ಬಿಟ್ಟು ಪ್ಲಗ್ಗಿನ ಬಿಳಿ ತಂತಿ ಹಿಡಿಯುತ್ತಾನೆ.

ಕಾರಣ ಇದು. ಬಲ್ಬಿಗೆ ಹೋದ ಕರೆಂಟು ಬ್ಯಾಟರಿಗೆ ಹಿಂದಿರುಗಬೇಕು. ಟ್ರೇಲರಿನ ಎಲ್ಲ ಬಲ್ಬುಗಳಿಗೂ ಹಿಂದಿರುಗುವ ದಾರಿ ಒಂದೇ. ಆ ದಾರಿ ಕಡಿದರೆ ಬ್ರೇಕ್ ಬಲ್ಬಿಗೆ ಬಂದ ಕರೆಂಟು ಪಕ್ಕದ ಪಾರ್ಕಿಂಗ್ ಬಲ್ಬಿನೊಳಗೆ ಹಿಮ್ಮುಖವಾಗಿ ನುಗ್ಗಿ, ಅದರ ತಂತಿಯ ಮೂಲಕ ವಾಹನದ ಕಡೆಗೆ ಹೋಗಲು ನೋಡುತ್ತದೆ. ಎರಡೂ ಅರೆಬರೆ ಉರಿಯುತ್ತವೆ.

ಅರ್ಥ್ ತಂತಿಯನ್ನೇ ಹಾಕದೆ ಹುಕ್ಕಿನ ಕಬ್ಬಿಣದಲ್ಲೇ ಹೋಗಲಿ ಎಂದು ಬಿಡುವುದು ಹಳ್ಳಿಯ ಟ್ರೇಲರುಗಳಲ್ಲಿ ಸಾಮಾನ್ಯ. ಟ್ರ್ಯಾಕ್ಟರಿನ ಪಿನ್ನು ಗ್ರೀಸಿನಲ್ಲಿ ಮುಳುಗಿರುತ್ತದೆ, ತುಕ್ಕು ಹಿಡಿದಿರುತ್ತದೆ, ಗುಂಡಿಗುಂಡಿಗೆ ಕುಣಿಯುತ್ತದೆ. ಎಳೆಯುವಾಗ ತಾಗುತ್ತದೆ, ಬ್ರೇಕ್ ಹಾಕಿ ಭಾರ ಮುಂದೆ ಸರಿದ ಕ್ಷಣದಲ್ಲಿ ಬಿಡುತ್ತದೆ. ಹಿಂದಿನವನಿಗೆ ಬ್ರೇಕ್ ದೀಪ ಕಾಣಬೇಕಾದ ಆ ಒಂದೇ ಕ್ಷಣದಲ್ಲಿ ಅದು ಕಾಣುವುದಿಲ್ಲ. ಸರ್ಜ್ ಕಪ್ಲರಿನಲ್ಲಿ ಸರಿದಾಡುವ ಭಾಗ ಇನ್ನೊಂದು ಹೆಚ್ಚು, ಆದ್ದರಿಂದ ಅಲ್ಲಿ ಹುಕ್ಕಿನ ಅರ್ಥನ್ನು ನಂಬುವುದು ಇನ್ನೂ ತಪ್ಪು.

ತಂತಿಯ ದಪ್ಪವೂ ಮುಖ್ಯ. ಎರಡು ಬ್ರೇಕ್ ಬಲ್ಬು 42 ವ್ಯಾಟು, ಎರಡು ಪಾರ್ಕಿಂಗ್ 10, ಒಂದು ಇಂಡಿಕೇಟರ್ 21. ಒಟ್ಟು 73 ವ್ಯಾಟು, ಅಂದರೆ 12 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್. ಇಷ್ಟೂ ಹಿಂದಿರುಗುವುದು ಬಿಳಿ ತಂತಿಯಲ್ಲಿ. ಆರು ಮೀಟರ್ ಉದ್ದದ, ಮುಕ್ಕಾಲು ಚದರ ಮಿಲಿಮೀಟರಿನ ತೆಳು ತಂತಿಯಾದರೆ ಅದರಲ್ಲೇ ಮುಕ್ಕಾಲು ವೋಲ್ಟಿಗೂ ಹೆಚ್ಚು ಸೋರಿಹೋಗುತ್ತದೆ. ಎರಡೂವರೆ ಚದರ ಮಿಲಿಮೀಟರಿನದಾದರೆ ಕಾಲು ವೋಲ್ಟು. ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬೇಗ ಇಳಿಯುವುದರಿಂದ ಮಂಜಿನಲ್ಲಿ ಈ ಅರ್ಧ ವೋಲ್ಟಿನ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬಿಳಿ ತಂತಿಯನ್ನು ಪ್ರತಿ ದೀಪಕ್ಕೂ ಎಳೆದು, ಟ್ರೇಲರಿನ ಚಾಸಿಗೆ ಒಂದೇ ಕಡೆ ಬಣ್ಣ ಕೆರೆದು ಬೋಲ್ಟು ಹಾಕಿ, ಮೇಲೆ ವ್ಯಾಸಲೀನ್ ಬಳಿದರೆ ವರ್ಷಗಟ್ಟಲೆ ತಲೆನೋವಿಲ್ಲ.

ಟಿಲ್ಲರ್ ಎಂಬ ಬೇರೆ ಬಗೆ

ಈ ಸೀಮೆಯಲ್ಲಿ ಟ್ರೇಲರ್ ಎಂದರೆ ಮೊದಲು ನೆನಪಾಗುವುದು ಪವರ್ ಟಿಲ್ಲರ್. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ, 1973ರಲ್ಲಿ ಕೇರಳ ಸರ್ಕಾರ ಕಟ್ಟಿದ ಕಾಮ್ಕೊ, ಎರಡೂ ಜಪಾನಿ ತಂತ್ರಜ್ಞಾನದಿಂದ ಬೆಳೆದ ಕಂಪನಿಗಳು. ಟ್ರ್ಯಾಕ್ಟರ್ ಇಳಿಯಲಾರದ ಪುಟ್ಟ ಗದ್ದೆ, ಅಡಿಕೆ ಸಾಲಿನ ಸಂದು ಟಿಲ್ಲರಿಗೆ ಸಲೀಸು. ಉಳುಮೆ ಮುಗಿದ ಮೇಲೆ ಟ್ರೇಲರ್ ಕಟ್ಟಿದರೆ ಅದೇ ಸಾಗಾಟದ ಗಾಡಿ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಟ್ರೇಲರ್ ಕಟ್ಟಿದ ಟಿಲ್ಲರ್ ಗಂಟೆಗೆ 22 ಕಿ.ಮೀ. ಮೀರಬಾರದು, ಒಂದೂವರೆ ಟನ್ನಿಗಿಂತ ಹೆಚ್ಚು ಎಳೆಯಬಾರದು.

ಟಿಲ್ಲರಿನಲ್ಲಿ ಬ್ರೇಕಿನ ನ್ಯಾಯ ತಲೆಕೆಳಗು. ಚಾಲಕ ಕೂರುವುದು ಟ್ರೇಲರಿನ ಮುಂಭಾಗದಲ್ಲಿ, ಕಾಲಿನ ಬ್ರೇಕ್ ಇರುವುದೂ ಟ್ರೇಲರಿನ ಚಕ್ರಕ್ಕೆ. ಎಳೆಯುವ ಯಂತ್ರವನ್ನು ಎಳೆಸಿಕೊಳ್ಳುವ ಟ್ರೇಲರೇ ನಿಲ್ಲಿಸಬೇಕು. ಹಾಗಿರುವಾಗ ಟ್ರೇಲರ್ ಬ್ರೇಕಿನ ಲೈನಿಂಗ್ ಸವೆದ ಟಿಲ್ಲರಿಗೆ ಬ್ರೇಕೇ ಇಲ್ಲ ಎಂದು ತಿಳಿಯಬೇಕು.

ಇನ್ನೊಂದು ಅಪಾಯವನ್ನು ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ, ಬಿದ್ದ ಮೇಲೇ ಗೊತ್ತಾಗುವುದು. ಟಿಲ್ಲರ್ ತಿರುಗುವುದು ಹ್ಯಾಂಡಲಿನ ಕೆಳಗಿನ ಸ್ಟೇರಿಂಗ್ ಕ್ಲಚ್ಚಿನಿಂದ. ಸಮತಟ್ಟಿನಲ್ಲಿ ಎಡದ ಕ್ಲಚ್ಚು ಹಿಡಿದರೆ ಎಡ ಚಕ್ರಕ್ಕೆ ಎಂಜಿನ್ ಬಲ ತಪ್ಪಿ, ಬಲ ಚಕ್ರ ಮುಂದೆ ಹೋಗಿ, ಗಾಡಿ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಭಾರದ ಟ್ರೇಲರ್ ದೂಡುತ್ತಿರುವಾಗ ಎಂಜಿನ್ ಚಕ್ರಗಳನ್ನು ಎಳೆಯುವುದಿಲ್ಲ, ತಡೆದಿರುತ್ತದೆ. ಆಗ ಎಡದ ಕ್ಲಚ್ಚು ಹಿಡಿದರೆ ಎಡ ಚಕ್ರದ ತಡೆ ಬಿಟ್ಟುಹೋಗಿ ಅದು ಓಡತೊಡಗುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಎಡದ ಧರೆಗೆ ಒರಗಬೇಕಾದದ್ದು ಬಲದ ಕೊಲ್ಲಿಗೆ ಹೊರಳುತ್ತದೆ. ಇಳಿಜಾರಿನಲ್ಲಿ ಕ್ಲಚ್ಚು ಮುಟ್ಟದೆ, ಸಣ್ಣ ಗೇರಿನಲ್ಲಿ, ಹ್ಯಾಂಡಲನ್ನೇ ದೂಡಿ ತಿರುಗಿಸುವುದು ಸರಿಯಾದ ಕ್ರಮ. ಟಿಲ್ಲರ್ ಮಾರುವವರು ಕೀಲಿಯ ಜೊತೆ ಕೊಡಬೇಕಾದ ಮೊದಲ ಪಾಠ ಇದು.

ಕೈಯಿಂದ ತಿರುಗಿಸಿ ಸ್ಟಾರ್ಟ್ ಮಾಡುವ ಟಿಲ್ಲರುಗಳಲ್ಲಿ ದೀಪಕ್ಕೆ ಡೈನಮೋ ಇರುತ್ತದೆ, ದೊಡ್ಡ ಬ್ಯಾಟರಿ ಇರುವುದಿಲ್ಲ. ಎಂಜಿನ್ ನಿಧಾನವಾದಂತೆ ದೀಪವೂ ಮಂಕಾಗುತ್ತದೆ. ಅದರಿಂದ ಟ್ರೇಲರ್ ದೀಪಕ್ಕೆ ತಂತಿ ಎಳೆಯುವ ಬದಲು, ಚಿಕ್ಕ 12 ವೋಲ್ಟಿನ ಬ್ಯಾಟರಿಯೊಂದನ್ನು ಟ್ರೇಲರಿನಲ್ಲೇ ಇಟ್ಟು ಎಲ್‌ಇಡಿ ಕೆಂಪು ದೀಪ ಉರಿಸುವುದು ಒಳ್ಳೆಯದು. ಬ್ರೇಕ್ ಪೆಡಲ್ ಟ್ರೇಲರಿನಲ್ಲೇ ಇರುವುದರಿಂದ ಅದಕ್ಕೊಂದು ಸ್ವಿಚ್ಚು ಕೂರಿಸುವುದೂ ಸುಲಭ.

ಕಾನೂನು

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಅದಕ್ಕೆ ತನ್ನದೇ ನೋಂದಣಿ ಬೇಕು. ಹಿಂದೆ ಕೆಂಪು, ಮುಂದೆ ಬಿಳಿ, ಬದಿಗೆ ಹಳದಿ ಪ್ರತಿಫಲಕ ಇರಬೇಕು. ಯುರೋಪಿನಲ್ಲಿ 750 ಕೆ.ಜಿ.ವರೆಗಿನ ಟ್ರೇಲರಿಗೆ ಬ್ರೇಕ್ ಕಡ್ಡಾಯವಲ್ಲ, ಓವರ್‌ರನ್ ಬ್ರೇಕಿಗೆ 3,500 ಕೆ.ಜಿ. ಮಿತಿ. ಅಮೆರಿಕ 2007ರಲ್ಲಿ ವಾಣಿಜ್ಯ ಟ್ರೇಲರುಗಳಿಗೂ ಸರ್ಜ್ ಬ್ರೇಕ್ ಒಪ್ಪಿತು, ಆದರೆ ಎಳೆಯುವ ವಾಹನದ ತೂಕಕ್ಕೂ ಟ್ರೇಲರಿನ ತೂಕಕ್ಕೂ ಅನುಪಾತ ಕಟ್ಟಿತು: 12,000 ಪೌಂಡ್‌ವರೆಗಿನ ಟ್ರೇಲರ್ ವಾಹನದ 1.75 ಪಟ್ಟು ಮೀರಬಾರದು.

ಮಳೆ, ಮೈಲುತುತ್ತ, ಇಲಿ

ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಶೃಂಗೇರಿ, ಕೊಪ್ಪಗಳಲ್ಲಿ ಅಷ್ಟಲ್ಲದಿದ್ದರೂ ಜೂನಿನಿಂದ ಸೆಪ್ಟೆಂಬರ್ ತನಕ ಸಾಕೆಟ್ಟು ಒಣಗುವ ದಿನವಿಲ್ಲ. ಸಾಕೆಟ್ಟಿನ ಮುಚ್ಚಳ ಕೆಳಮುಖವಾಗಿರಬೇಕು, ಸ್ಪ್ರಿಂಗ್ ಬಿಗಿಯಿರಬೇಕು. ತಂತಿ ಸಾಕೆಟ್ಟಿಗೆ ಸೇರುವ ಮುಂಚೆ ಒಂದು ಇಳಿಬಾಗು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ. ಕೇಬಲ್ಲು ಹೇರ್‌ಪಿನ್ ತಿರುವಿನಲ್ಲಿ ಕಿತ್ತುಬಾರದಷ್ಟು ಸಡಿಲ, ಕಾಡು ದಾರಿಯ ದಿಬ್ಬಕ್ಕೆ ಉಜ್ಜದಷ್ಟು ಬಿಗಿ ಇರಬೇಕು.

ಅಡಿಕೆ ತೋಟದವರಿಗೆ ಇನ್ನೊಂದು ಕಾಟವಿದೆ. ಕೊಳೆ ರೋಗಕ್ಕೆ ಮಳೆ ಹಿಡಿಯುವ ಮುಂಚೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ: 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಡ್ರಮ್ಮು, ಪಂಪು, ಪೈಪು ಎಲ್ಲ ಟ್ರೇಲರಿನಲ್ಲೇ ಹೋಗುತ್ತವೆ. ಚೆಲ್ಲಿದ ಮೈಲುತುತ್ತದ ನೀರು ಕಬ್ಬಿಣವನ್ನು ತಿಂದು ಅದರ ಮೇಲೆ ತಾಮ್ರದ ಕೆಂಪು ಪೊರೆ ಬಿಡುತ್ತದೆ. ಅರ್ಥ್ ಬೋಲ್ಟಿನ ಸುತ್ತ ನೀಲಿ ಹುಡಿ ಕಂಡರೆ ಅದೇ ಎಂದು ತಿಳಿಯಬೇಕು. ಬೋಲ್ಟು ಬಿಚ್ಚಿ, ಕೆರೆದು, ಹೊಸ ವಾಷರ್ ಹಾಕದೆ ದೀಪ ಸರಿಹೋಗುವುದಿಲ್ಲ. ಕರಾವಳಿಯಿಂದ ಮೀನು ತರುವ ಪಿಕಪ್ಪುಗಳಿಗೆ ಇದೇ ಕಾಟ ಉಪ್ಪು ನೀರಿನಿಂದ. ಕೊಟ್ಟಿಗೆಯಲ್ಲಿ ನಿಂತ ಟ್ರೇಲರಿನ ತಂತಿಗೆ ಇಲಿ ಹಲ್ಲು ಹಚ್ಚುತ್ತದೆ. ತಂತಿಯನ್ನು ಕಬ್ಬಿಣದ ಪೈಪಿನೊಳಗೆ ಹಾಯಿಸುವುದು ಅದಕ್ಕೆ ಒಳ್ಳೆಯ ಉಪಾಯ.

ಸರಪಳಿಯನ್ನು ಮರೆಯುವಂತಿಲ್ಲ. ಹುಕ್ಕಿನ ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯಾಗಿ ಹಾಯಿಸಿದರೆ ಪಿನ್ನು ಕಳಚಿದಾಗ ಮೂಕಿ ರಸ್ತೆಗೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ಬೀಳುತ್ತದೆ. ಸರ್ಜ್ ಬ್ರೇಕಿನ ತುರ್ತು ಕೇಬಲ್ಲು, ಅಂದರೆ ಟ್ರೇಲರ್ ಕಳಚಿದರೆ ಬ್ರೇಕ್ ಎಳೆಯುವ ಕೇಬಲ್ಲನ್ನು, ಹುಕ್ಕಿಗಲ್ಲ, ವಾಹನದ ಚಾಸಿಗೆ ಸಿಕ್ಕಿಸಬೇಕು. ಹುಕ್ಕೇ ಕಿತ್ತುಬಂದರೆ ಹುಕ್ಕಿಗೆ ಕಟ್ಟಿದ ಕೇಬಲ್ಲಿನಿಂದ ಏನೂ ಆಗುವುದಿಲ್ಲ.

ನೀರಂಚಿನಲ್ಲಿ

ಲಕ್ಕವಳ್ಳಿಯಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ರಿವರ್ ಟರ್ನ್ ಲಾಡ್ಜ್ ಇದೆ, ಭದ್ರಾ ಹಿನ್ನೀರಿನಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುತ್ತಾರೆ. ಬೇಸಿಗೆಯಲ್ಲಿ ನೀರು ದೂರ ಸರಿದು ಕೆಂಪು ಕೆಸರಿನ ದಂಡೆ ಬಿಚ್ಚಿಕೊಳ್ಳುತ್ತದೆ. ಅಂಥ ದಂಡೆಯಲ್ಲಿ ದೋಣಿ ಟ್ರೇಲರನ್ನು ಇಳಿಸುವುದೂ ರಿವರ್ಸಿನಲ್ಲೇ. ಘಾಟಿಯ ತಿರುವಿನಲ್ಲಿ ಕೆಲಸ ಮಾಡಿದ ಬ್ರೇಕ್ ಬಿಡಿಸುವ ಕವಾಟ ಇಲ್ಲೂ ಬೇಕು. ಆದರೆ ನೀರು ಮುಟ್ಟುವ ಮುಂಚೆ ಪ್ಲಗ್ಗು ಕಿತ್ತರೆ ಕವಾಟಕ್ಕೆ ಕರೆಂಟು ತಪ್ಪುತ್ತದೆ, ಕೀಳದಿದ್ದರೆ ಕಾದ ಬಲ್ಬಿನ ಗಾಜು ತಣ್ಣೀರು ತಾಗಿ ಸಿಡಿಯುತ್ತದೆ. ಇದಕ್ಕೆ ಬಳಸುವ ದಾರಿ ಎರಡು. ಬಲ್ಬಿನ ಟ್ರೇಲರಾದರೆ ದೀಪಗಳನ್ನು ಬೇರೆ ಹಲಗೆಯ ಮೇಲೆ ಕೂರಿಸಿ, ನೀರಂಚಿನಲ್ಲಿ ಹಲಗೆಯನ್ನೇ ಕಳಚಿ ದಂಡೆಯಲ್ಲಿಟ್ಟು, ಕವಾಟದ ತಂತಿಯನ್ನು ಮಾತ್ರ ಉಳಿಸಿಕೊಳ್ಳುವುದು. ಇಲ್ಲವಾದರೆ ನೀರು ನುಗ್ಗದಂತೆ ಮುಚ್ಚಿದ ಎಲ್‌ಇಡಿ ದೀಪಗಳನ್ನು ಹಾಕಿಸಿ, ಪ್ಲಗ್ಗು ಕೀಳದೆಯೇ ಇಳಿಯುವುದು. ಚಕ್ರದ ಗುಂಬಕ್ಕೂ ದಂಡೆಯ ಮೇಲೆ ಐದು ಹತ್ತು ನಿಮಿಷ ತಣಿಯಲು ಬಿಡಬೇಕು. ಬಿಸಿಯಾಗಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಬೇರಿಂಗಿನೊಳಗೆ ಎಳೆದುಕೊಳ್ಳುತ್ತದೆ. ಮೇಲೆ ಬಂದ ಮೇಲೆ ಡ್ರಮ್ಮಿಗೆ ಸೇರಿದ ಕೆಸರು ತೊಳೆದು, ಸಪಾಟು ಜಾಗದಲ್ಲಿ ಎರಡು ಮೂರು ಸಲ ಬ್ರೇಕ್ ಒತ್ತಿ ನೀರು ಹಿಂಡಿಸಿ, ಒಬ್ಬನನ್ನು ಹಿಂದೆ ನಿಲ್ಲಿಸಿ ದೀಪ ನೋಡಿಸಿಕೊಂಡು, ಆಮೇಲೆ ರಸ್ತೆ ಹತ್ತುವುದು ವಾಡಿಕೆ.